ಇಲಿ ಸಾಕುವ ಸಣ್ಣೀರ ಹೇಳಿದ ಉತ್ತರ

“ಕೇಳ್ರಪ್ಪೋ ಕೇಳಿ! ರಾಜಕುಮಾರಿ ಪದುಮಲೆಯ ಮೂರು ಒಗಟು ಬಿಡಿಸಿದವರಿಗೆ ಅರ್ಧ ರಾಜ್ಯ. ತಪ್ಪಿದವರಿಗೆ ಹುಣ್ಣಿಮೆಯ ದಿನ ತಲೆದಂಡ!”

ಬಿಳಿಗಲ್ಲು ಸೀಮೆಯ ದೊರೆ ಮಲ್ಲರಸ ಹೀಗೆ ಡಂಗುರ ಸಾರಿಸಿದ. ಮಗಳು ಮೂರು ವರ್ಷದಿಂದ ಮಂಕಾಗಿದ್ದಳು. ಊಟ ಸೇರದು, ಹಾಡು ಬೇಡ, ಯಾರ ಮುಖವೂ ಬೇಡ. ದೆವ್ವ ಬಿಡಿಸಲು ಬಂದವರೆಲ್ಲ ಹೊಗೆ ಹಾಕಿದರು, ಬೇವಿನ ಸೊಪ್ಪಿನಲ್ಲಿ ಹೊಡೆದರು. ಕೊನೆಗೆ ಅವಳು, “ನನ್ನ ಒಗಟು ಬಿಡಿಸಿದವರಷ್ಟೇ ನನಗೆ ಮದ್ದು ಹೇಳಲಿ” ಎಂದಳು. ತಲೆದಂಡದ ಮಾತು ಮಾತ್ರ ರೋಸಿಹೋದ ಅಪ್ಪನದು.

ಮೊದಲು ನೆರೆರಾಜ್ಯದ ಯುವರಾಜ ಬಂದ. “ಮೂಳೆಯ ಕೋಟೆಯೊಳಗೆ ಒಂದು ಊರು. ಒಳಗೆಲ್ಲ ಕತ್ತಲು. ಆದರೂ ಸೂರ್ಯನನ್ನು ಕಾಣುವುದು ಆ ಊರೇ. ಯಾವುದದು?” ಎಂದಳು ಪದುಮಲೆ.

“ಕಣ್ಣು!” ಎಂದ ಯುವರಾಜ. ಸೆರೆಮನೆ ಸೇರಿದ.

ಆಸ್ಥಾನದ ವೈದ್ಯ ಸೋಮಯ್ಯ ಅದನ್ನು ಬಿಡಿಸಿದ. ಎರಡನೆಯದು ಬಂತು: “ಆ ಊರಿಗೆ ಲೆಕ್ಕವಿಲ್ಲದಷ್ಟು ಬಾಗಿಲು. ಕೀಲಿ ಹೊರಗೇ ನಿಲ್ಲುತ್ತದೆ, ಸುದ್ದಿ ಒಳಗೆ ಹೋಗುತ್ತದೆ. ಯಾವ ಬಾಗಿಲು?”

“ಕಿವಿ, ಮೂಗು...” ಎಂದು ತಡವರಿಸಿ ಅವನೂ ಸೆರೆಯಾದ.

ಹುಣ್ಣಿಮೆಗೆ ಎರಡೇ ದಿನವಿದ್ದಾಗ ಸಣ್ಣೀರ ಬಂದ. ಸೋಮಯ್ಯ ಮದ್ದನ್ನು ಮೊದಲು ಇಲಿಗಳಿಗೆ ಕೊಟ್ಟು ನೋಡುತ್ತಿದ್ದ. ಆ ಇಲಿಗಳನ್ನು ಹನ್ನೆರಡು ವರ್ಷದಿಂದ ಸಾಕುತ್ತಿದ್ದವನು ಇವನು. ಮೈಯೆಲ್ಲ ಇಲಿ ವಾಸನೆ. ಆಸ್ಥಾನಿಕರು ಮೂಗು ಮುಚ್ಚಿಕೊಂಡರು.

“ನನ್ನ ಒಡೆಯ ಸೋಮಯ್ಯನವರನ್ನು ಬಿಡಿಸಿಕೊಳ್ಳಲು ಬಂದೆ, ಬುದ್ಧಿ. ಮೊದಲನೆಯದು ಮಿದುಳು, ಅದನ್ನು ಅವರೇ ಹೇಳಿದ್ದಾರೆ,” ಎಂದ. “ಎರಡನೆಯದು ಮಿದುಳಿನ ಒಳಗಿನ ಬಾಗಿಲುಗಳು. ಅವು ಕಣ್ಣಿಗೆ ಕಾಣುವುದಿಲ್ಲ.”

“ಕಾಣದ್ದು ನಿನಗೆ ಹೇಗಪ್ಪಾ ಗೊತ್ತು?” ಎಂದಳು ಪದುಮಲೆ.

“ಒಂದು ಸೊಪ್ಪಿನ ರಸ ಕುಡಿಸಿದರೆ ಇಲಿ ಮಲಗುತ್ತದೆ, ಅಮ್ಮಣ್ಣಿ. ಮೊದಲೇ ಇನ್ನೊಂದು ಬೇರಿನ ರಸ ಕುಡಿಸಿದ್ದರೆ ಮಲಗುವುದೇ ಇಲ್ಲ. ನೂರು ಸಲ ನೋಡಿದೆ. ಬೀಗದಲ್ಲಿ ಬೇರೆ ಕೀಲಿ ಕೂತಿರಬೇಕು, ಅಂದುಕೊಂಡೆ.”

ಪದುಮಲೆ ನೆಟ್ಟಗೆ ಕುಳಿತಳು. ಮೂರನೆಯದನ್ನು ಹೇಳಿದಳು: “ಬೆಲ್ಲ ಅದೇ, ನಾಲಿಗೆ ಅದೇ. ನಿನ್ನೆ ಸಿಹಿ, ಇಂದು ಸಪ್ಪೆ. ಸಿಹಿ ಕದ್ದವರು ಯಾರು?”

ಪಕ್ಕದಲ್ಲಿ ನಿಂತಿದ್ದ ತಲೆ ಕಡಿಯುವ ಭಟ ಕತ್ತಿಯ ಹಿಡಿ ಮುಟ್ಟಿದ.

“ಯಾರೂ ಕದ್ದಿಲ್ಲ,” ಎಂದ ಸಣ್ಣೀರ. “ಪಾಪವಲ್ಲ, ದೆವ್ವವೂ ಅಲ್ಲ. ಸಿಹಿಯ ಸುದ್ದಿ ಒಯ್ಯುವ ಬಾಗಿಲು ಮುಚ್ಚಿದೆ, ಅಷ್ಟೆ. ಒಂಟಿಯಾಗಿ ಕೂಡಿಹಾಕಿದ ಇಲಿ ಬೆಲ್ಲದ ನೀರನ್ನೂ ಮೂಸುವುದಿಲ್ಲ.”

“ಆಮೇಲೆ?”

“ಜೊತೆಗೆ ಬೇರೆ ಇಲಿಗಳನ್ನು ಬಿಟ್ಟೆ, ಆಡಲು ಜಾಗ ಕೊಟ್ಟೆ. ಇಪ್ಪತ್ತು ದಿನಕ್ಕೆ ತಾನಾಗಿ ಬಂದು ಕುಡಿಯಿತು. ನಿಮಗೆಷ್ಟು ದಿನವೋ ತಿಳಿಯದು. ಸುಳ್ಳು ಹೇಳಲಾರೆ.”

“ಮೂರೂ ಸರಿ,” ಎಂದಳು ಪದುಮಲೆ. ಅವಳ ಕಣ್ಣು ತುಂಬಿತ್ತು.

ಸಣ್ಣೀರ ಅರ್ಧ ರಾಜ್ಯ ಬೇಡವೆಂದ. “ಸೆರೆಯಲ್ಲಿರುವ ಇಬ್ಬರನ್ನೂ ಬಿಡಿ, ಬುದ್ಧಿ. ಇಲಿಗಳಿಗೊಂದು ಗಾಳಿ ಬೆಳಕಿನ ಮನೆ ಕಟ್ಟಿಸಿಕೊಡಿ. ತಿಳಿಯಬೇಕಾದದ್ದು ಇನ್ನೂ ಬಹಳ ಇದೆ.”

ದೊರೆ ಒಪ್ಪಿದ. ಸೋಮಯ್ಯ ಓಡಿಬಂದು ಸಣ್ಣೀರನನ್ನು ತಬ್ಬಿಕೊಂಡ.

“ಆ ಮನೆಗೆ ನಾನೂ ಬರಲೇ?” ಎಂದಳು ಪದುಮಲೆ.

“ಬನ್ನಿ, ಅಮ್ಮಣ್ಣಿ. ಆದರೆ ಹೊಸದಾಗಿ ಬಂದವರು ಮೊದಲ ತಿಂಗಳು ಬೋನು ತೊಳೆಯಬೇಕು.”

ಸಭೆ ಉಸಿರು ಬಿಗಿಹಿಡಿಯಿತು. ರಾಜಕುಮಾರಿ ಗೊಳ್ಳೆಂದು ನಕ್ಕಳು. ಮಾರನೆಯ ಬೆಳಿಗ್ಗೆ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಎಲ್ಲರಿಗಿಂತ ಮೊದಲು ಇಲಿಗಳ ಹಳೆಯ ಬೋನುಗಳ ಬಳಿಗೆ ಬಂದಿದ್ದಳು.