ಚೇಳಿಲ್ಲದ ಮಡಕೆ

ಮಠದ ಬಚ್ಚಲುಮನೆಗೆ ಒಂದು ಹಲ್ಲಿ ಬಂದು ಸೇರಿಕೊಂಡಿತ್ತು. ಇದರ ಪರಿಣಾಮವಾಗಿ ಶಿಷ್ಯ ಕೊಟ್ರಯ್ಯನ ಸ್ನಾನ ಅನಿರ್ದಿಷ್ಟ ಕಾಲ ಮುಂದಕ್ಕೆ ಹೋಗಿತ್ತು. ಪಂಕ್ತಿಯಲ್ಲಿ ಅವನ ಪಕ್ಕ ಕೂರುವವರಿಂದ ವಿಷಯ ಗುರುಗಳನ್ನು ಮುಟ್ಟಿತು.

"ಬುದ್ಧಿ, ಭಯ ಮನಸ್ಸಿನಿಂದ ಹೋಗುವುದು ಹೇಗೆ?" ಎಂದು ಕೊಟ್ರಯ್ಯನೇ ಕೇಳಿದ. "ಅಪ್ಪಣೆಯಾದರೆ ದೇಶ ಸುತ್ತಿ, ಮನಸ್ಸಿನ ಶಾಸ್ತ್ರ ಬಲ್ಲವರನ್ನೆಲ್ಲ ಕಂಡು ಕೇಳಿ ಬರುತ್ತೇನೆ. ಆಮೇಲೆ ಸ್ನಾನ."

ಗುರುಗಳು ನಗಲಿಲ್ಲ. ಕತೆ ಹೇಳಿದರು.

ಒಬ್ಬ ಬೆಲ್ಲದ ವ್ಯಾಪಾರಿ. ತಮ್ಮನೊಬ್ಬ ಹೊಳೆಯಲ್ಲಿ ಮುಳುಗಿ ಸತ್ತಂದಿನಿಂದ ಅವನು ದೋಣಿ ಹತ್ತಿರಲಿಲ್ಲ. ಮಗಳ ಮನೆ ಆಚೆ ದಡದಲ್ಲಿತ್ತು. ಅವಳು ಹೆತ್ತಳು. "ಅಪ್ಪ ಬಂದು ತೊಡೆಯ ಮೇಲೆ ಕೂರಿಸಿಕೊಳ್ಳುವವರೆಗೆ ಮಗುವಿಗೆ ಹೆಸರಿಡುವುದಿಲ್ಲ" ಎಂದು ಹೇಳಿ ಕಳಿಸಿದಳು. ಭಯ ಹೋದ ಮೇಲೆ ಬರುತ್ತೇನೆಂದು ಹೇಳಿ ಕಳಿಸಿ, ಭಯ ಹೋಗುವ ಬಗೆ ತಿಳಿಯಲು ಅವನು ಈಚೆ ದಡದ ಊರೂರು ಹೊರಟ.

ಒಬ್ಬ ಪಂಡಿತ ಮಕ್ಕಳಿಂದ ದೆವ್ವದ ಚಿತ್ರ ಬರೆಸಿದ್ದ. ಬಹಳಷ್ಟು ದೆವ್ವಗಳಿಗೆ ಅವರವರ ಅಪ್ಪನ ಮೀಸೆ ಇತ್ತು. ಯುದ್ಧದಿಂದ ಬಂದ ಸಿಪಾಯಿಗಳ ಜೊತೆ ಕೂತು ಮಾತಾಡಿದ್ದ ಒಬ್ಬ ವಿದುಷಿ, ಅವರ ಕೈ ನಡುಗುವುದು ರಣರಂಗದಲ್ಲಲ್ಲ, ಮನೆಗೆ ಬಂದು ತಟ್ಟೆಯ ಮುಂದೆ ಕೂತಾಗ ಎಂದಳು. ವ್ಯಾಪಾರಿ ಬಾಯಿ ತೆರೆದು ಕೇಳಿದ. ಅತ್ತ ಹೆಸರಿಲ್ಲದ ಮಗು ತೆವಳಿತು, ಎದ್ದು ನಿಂತಿತು.

ಕೊನೆಗೆ ಎಲ್ಲರಿಗಿಂತ ದೊಡ್ಡ ಪಂಡಿತನ ಮನೆ. ಅಲ್ಲಿ ಒಂದು ಮಡಕೆ ಇತ್ತು.

"ಇದರಲ್ಲಿ ಚೇಳಿದೆ ಎಂದು ಬಂದವರಿಗೆಲ್ಲ ಹೇಳುತ್ತೇನೆ" ಎಂದ ಪಂಡಿತ. "ಇರುವುದು ಬರೀ ಗಾಳಿ. ಇವತ್ತಿನವರೆಗೆ ಯಾರೂ ಕೈ ಹಾಕಿಲ್ಲ."

"ತಮಗೆ ಗೊತ್ತಲ್ಲ ಸ್ವಾಮಿ. ತಾವೇ ಹಾಕಿ, ನೋಡೋಣ."

ಪಂಡಿತ ಶಲ್ಯ ಸರಿಸಿ ಕೈ ಚಾಚಿದ. ಕೈ ಮಡಕೆಯ ಬಾಯಿಯವರೆಗೆ ಹೋಗಿ ನಿಂತುಬಿಟ್ಟಿತು.

"ಖಾಲಿ ಎಂದು ನನಗೆ ಗೊತ್ತು. ಈ ಕೈಗೆ ಗೊತ್ತಿಲ್ಲ" ಎಂದ. ದನಿಯಲ್ಲಿ ನಾಚಿಕೆ ಇರಲಿಲ್ಲ. ತನ್ನದೇ ಕೈಯನ್ನು ಅವನು ಗರ್ಭಗುಡಿಯ ದೀಪ ನೋಡುವವನಂತೆ ನೋಡುತ್ತಿದ್ದ.

ವ್ಯಾಪಾರಿ ಆ ಕೈ ನೋಡಿ ಲೆಕ್ಕ ಹಾಕಿದ. ಇಷ್ಟು ಓದಿದವನ ಮನೆಯಲ್ಲೂ ಭಯ ಉಂಡುಟ್ಟು ಸುಖವಾಗಿದೆ. ಇನ್ನು ತನ್ನದು ಯಾವಾಗ ಹೊರಟೀತು? ಅವನು ಮಡಕೆಗೆ ಕೈ ಹಾಕಿದ. ಕೈಯ ಕಡಗ ಅಂಚಿಗೆ ಬಡಿದು ಟಕಟಕ ಎಂದಿತು. ತಳದಲ್ಲಿ ಧೂಳು ಸಿಕ್ಕಿತು.

"ಭಯ ಹೋಯಿತೇ?" ಎಂದು ಪಂಡಿತ ಪಿಸುದನಿಯಲ್ಲಿ ಕೇಳಿದ.

ವ್ಯಾಪಾರಿ ಕೈ ಹೊರತೆಗೆದು ತೋರಿಸಿದ. ಅದಿನ್ನೂ ನಡುಗುತ್ತಿತ್ತು.

ಅಲ್ಲಿಂದ ನೇರ ಹೊಳೆಗೆ ಬಂದು ದೋಣಿ ಹತ್ತಿದ. "ಅಂಚು ಅಷ್ಟು ಬಿಗಿಯಾಗಿ ಹಿಡೀಬೇಡಿ ಸಾಹುಕಾರ್ರೆ, ಕಿತ್ತು ಬಂದೀತು" ಎಂದ ಅಂಬಿಗ. ಆ ವಾರ ಮಗುವಿಗೆ ಹೆಸರಾಯಿತು.

ಗುರುಗಳು ಕತೆ ನಿಲ್ಲಿಸಿದರು.

"ಹಾಗಾದರೆ ಭಯ ಹೊಳೆಯ ನಡುವೆ ಹೋಯಿತೇ ಬುದ್ಧಿ?" ಎಂದು ಕೇಳಿದ ಕೊಟ್ರಯ್ಯ.

"ದೋಣಿಯಲ್ಲಿ ಅದಕ್ಕೂ ಜಾಗವಿತ್ತಪ್ಪ."

ಸಂಜೆ ಕೊಟ್ರಯ್ಯನ ಸ್ನಾನವಾಯಿತು. ಹಲ್ಲಿ ಬಚ್ಚಲುಮನೆಯಲ್ಲೇ ಇದೆ.