ಹೋಗಿ ಬನ್ನಿ ಎಂದ ಅಧಿಕಾರಿ

“ಗುರುಗಳೇ, ಮನಸ್ಸಿನಲ್ಲಿ ಕೇಡಿಲ್ಲದವನೂ ತಪ್ಪಿತಸ್ಥನಾಗುತ್ತಾನೆಯೇ?”

ಶಿಷ್ಯನ ದನಿಯಲ್ಲಿ ಸಿಟ್ಟಿತ್ತು. ಅವನ ಅಣ್ಣ ಪಟ್ಟಣವೊಂದರ ಅಧಿಕಾರಿ. ಅಲ್ಲಿಯ ಹಳೆಯ ಚೌಕವನ್ನು ಅಣ್ಣ ಹೊಸದಾಗಿ ಕಟ್ಟಿಸಿ ದೀಪ ಹಾಕಿಸಿದ್ದ. ಚೌಕದಲ್ಲಿ ವ್ಯಾಪಾರ ಮಾಡುತ್ತಿದ್ದ ಜನ ಅವನ ಮನೆಯ ಬಾಗಿಲಿಗೇ ಬಂದು ಬೈದು ಹೋಗಿದ್ದರು. ಅಣ್ಣ ಯಾರಿಗೂ ಕೆಟ್ಟದ್ದು ಬಯಸಿದವನಲ್ಲ ಎಂದು ಶಿಷ್ಯ ಮತ್ತೆ ಮತ್ತೆ ಹೇಳಿದ.

ಗುರುಗಳು ಪೂರ್ತಿ ಕೇಳಿಸಿಕೊಂಡರು. ಕೇಳುತ್ತ ಅವರ ಮುಖವೂ ಬಿಗಿಯಿತು. ಅವರು ಸಿಟ್ಟಾಗುವುದನ್ನು ಶಿಷ್ಯ ಅದುವರೆಗೆ ಕಂಡಿರಲಿಲ್ಲ. “ಕೂತುಕೋ” ಎಂದು ಅವರು ಈ ಕತೆ ಹೇಳಿದರು.

ಒಂದು ಪಟ್ಟಣದ ನಡುವೆ ಒಂದು ಚೌಕವಿತ್ತು. ಅಲ್ಲಿ ಕಡಲೆ ಹುರಿದು ಮಾರುವ ಒಬ್ಬ ಹೆಂಗಸು ಕೂರುತ್ತಿದ್ದಳು. ಅವಳಿಗಿಂತ ಮೊದಲು ಅವಳ ಅತ್ತೆ ಅದೇ ಜಾಗದಲ್ಲಿ ಒಲೆ ಹೂಡಿದ್ದಳು. ಪಕ್ಕದಲ್ಲಿ ಒಬ್ಬ ಬಳೆಗಾರ, ಅವನಾಚೆ ಚಾಪೆ ಮಾರುವವಳು, ಎದುರಿಗೆ ಎಲೆ ಅಡಿಕೆಯವನು. ಹೊತ್ತು ಮುಳುಗಿದರೆ ಎಲ್ಲರೂ ತಮ್ಮ ತಮ್ಮ ಮುಂದೆ ಒಂದೊಂದು ಬುಡ್ಡಿ ದೀಪ ಹಚ್ಚಿಟ್ಟುಕೊಳ್ಳುತ್ತಿದ್ದರು. ಕೊಳ್ಳುವವರಿಗೆ ಆ ಬೆಳಕೇ ದಾರಿ.

ಚೌಕ ಚೆನ್ನಾಗಿತ್ತು ಎಂದು ಮಾತ್ರ ಯಾರೂ ಹೇಳುವಂತಿರಲಿಲ್ಲ. ನೆಲ ಕಿತ್ತುಹೋಗಿತ್ತು. ಮಳೆ ಬಂದರೆ ನೀರೆಲ್ಲ ಹರಿದು ಬಂದು ಕಡಲೆಯವಳ ಒಲೆಯಲ್ಲಿ ನಿಲ್ಲುತ್ತಿತ್ತು. ಚೌಕದಲ್ಲಿ ಒಲೆ ಆರಿದ ದಿನ ಅವಳ ಮನೆಯಲ್ಲೂ ಒಲೆ ಉರಿಯುತ್ತಿರಲಿಲ್ಲ.

ಪಟ್ಟಣಕ್ಕೆ ಹೊಸ ಅಧಿಕಾರಿ ಬಂದ. ಒಳ್ಳೆಯ ಮನುಷ್ಯ. ಆಳುಗಳನ್ನು ಕಳಿಸದೆ ತಾನೇ ಚೌಕಕ್ಕೆ ನಡೆದು ಬಂದ. ನೆಲಕ್ಕೆ ಕಲ್ಲು ಹಾಸಿಸುತ್ತೇನೆ, ಸುತ್ತಲೂ ಕಂಬ ನೆಟ್ಟು ದೀಪ ಹಾಕಿಸುತ್ತೇನೆ ಎಂದ. ಆಮೇಲೆ ಕೂತವರ ಮುಂದೆ ನಿಂತು ಕೈ ಮುಗಿದ.

“ಇನ್ನು ಕೆಲಸ ಶುರುವಾಗಬೇಕು. ದಯವಿಟ್ಟು ಎಲ್ಲರೂ ಹೋಗಿ ಬನ್ನಿ.”

ಅವನು ಅತ್ತ ಹೋದದ್ದೇ ತಡ, ಬಳೆಗಾರ ಕಡಲೆಯವಳ ಕಡೆ ಬಾಗಿದ. “ಅಕ್ಕಾ, ನಾನಂತೂ ಏಳಲ್ಲ. ಎದ್ದರೆ ಮುಗೀತು. ಎಲ್ಲ ಒಟ್ಟಿಗೆ ಕೂತೇ ಇದ್ದರೆ ನಮ್ಮನ್ನು ಯಾರು ಏನು ಮಾಡ್ತಾರೆ?”

ಕಡಲೆಯವಳಿಗೆ ರೇಗಿತು. “ನಿನ್ನ ಕಿವಿಯೊಳಗೆ ಬಳೆ ಚೂರು ಸಿಕ್ಕಿಕೊಂಡಿದೆಯೇನೋ? ಹೋಗಿ ಅಂದ್ರಾ? ಹೋಗಿ ಬನ್ನಿ ಅಂದ್ರು. ಕೈ ಮುಗಿದು ಅಂದ್ರು. ದೊಡ್ಡ ಮನುಷ್ಯರು ಬಾಯಿ ತುಂಬ ಬನ್ನಿ ಅಂದ ಮೇಲೆ ನಿನ್ನದೇನು ಅನುಮಾನ? ಏಳು, ಏಳು.”

ಬಳೆಗಾರ ಎದ್ದ. ಅವನು ಎದ್ದದ್ದು ಕಂಡು ಉಳಿದವರೂ ಎದ್ದರು. ಅವಳು ತನ್ನ ಒಲೆಯ ಕಲ್ಲುಗಳನ್ನು ತಾನೇ ಕಿತ್ತು ಬುಟ್ಟಿಗೆ ಹಾಕಿಕೊಂಡಳು.

ಪಟ್ಟಣದ ಕೋಟೆ ಬಾಗಿಲಿನ ಹೊರಗೆ ಅವರಿಗೆ ಜಾಗ ಸಿಕ್ಕಿತು. ಅಲ್ಲಿ ಧೂಳಿತ್ತು, ಜನವಿರಲಿಲ್ಲ. ಹುರಿದ ಕಡಲೆ ಬುಟ್ಟಿಯಲ್ಲೇ ಮೆತ್ತಗಾಯಿತು. ಚಾಪೆಯವಳು ಸೌದೆ ಹೊರುವ ಕೆಲಸಕ್ಕೆ ಸೇರಿದಳು. ಎಲೆ ಅಡಿಕೆಯವನು ಊರು ಬಿಟ್ಟ. ಬಳೆಗಾರ ಬೆಳಿಗ್ಗೆ ಎದ್ದು ಕೇಳುವ ಮೊದಲ ಮಾತು ಒಂದೇ: “ಏನಕ್ಕಾ, ನಿನ್ನ ‘ಬನ್ನಿ’ ಇನ್ನೂ ಬರಲಿಲ್ಲವಾ?” ಅವಳು ಹಲ್ಲು ಕಚ್ಚಿ ಬುಟ್ಟಿಯ ಕಡಲೆ ಕೆದಕುತ್ತಿದ್ದಳು. ಅವಳ ಮಾತು ನಂಬಿ ತಾನೇ ಎಲ್ಲರೂ ಎದ್ದು ಬಂದದ್ದು?

ಕೊನೆಗೆ ಚೌಕದಲ್ಲಿ ದೀಪ ಹತ್ತಿತು. ಸುದ್ದಿ ಕೇಳಿದ ಸಂಜೆಯೇ ಅವಳು ಬಾಣಲೆ, ಮರಳು, ಒಲೆಯ ಕಲ್ಲು ಎಲ್ಲವನ್ನೂ ಹೊತ್ತು ಹೊರಟಳು. ಬಳೆಗಾರ ತನ್ನ ಬಳೆಗಳ ಮಲಾರ ಹೆಗಲಿಗೇರಿಸಿ ಹಿಂದೆ ಬಂದ.

ಚೌಕ ಹಗಲಿನ ಹಾಗಿತ್ತು. ಒಳ್ಳೆಯ ಬಟ್ಟೆ ತೊಟ್ಟವರು ಅತ್ತಿಂದಿತ್ತ ಓಡಾಡುತ್ತಿದ್ದರು. ಅವಳು ತನ್ನ ಜಾಗ ಹುಡುಕಿದಳು. ಅಲ್ಲಿ ಬಿಳಿಯ ಕಲ್ಲು ಹಾಸಿತ್ತು. ನೀರು ನಿಲ್ಲದ ಹಾಗೆ ಸಣ್ಣ ಇಳಿಜಾರನ್ನೂ ಕೊಟ್ಟಿದ್ದರು. ಅದನ್ನು ಕಂಡು ಅವಳ ಕಣ್ಣು ತುಂಬಿತು. ಬುಟ್ಟಿ ಇಳಿಸಿ, ಒಲೆಗೆ ಕಲ್ಲು ಜೋಡಿಸಿದಳು.

ಕಾವಲಿನವನು ಬಂದು ಕಲ್ಲನ್ನು ಕಾಲಿನಿಂದ ತಳ್ಳಿದ. ಹೊಗೆಗೆ ಕಂಬ ಕಪ್ಪಾಗುತ್ತದೆ, ಇಲ್ಲಿ ಯಾರೂ ಕೂರುವಂತಿಲ್ಲ ಎಂದ. ಗಲಾಟೆ ಕೇಳಿ ಅಧಿಕಾರಿಯೇ ಬಂದ.

“ಹೋಗಿ ಬನ್ನಿ ಅಂದಿದ್ರಿ ಬುದ್ಧಿ. ಹೋದೆವು. ಈಗ ಬಂದಿದ್ದೇವೆ” ಎಂದಳು ಅವಳು.

ಅಧಿಕಾರಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ನಕ್ಕುಬಿಟ್ಟ. ಅದು ಕೆಟ್ಟ ನಗೆಯಲ್ಲ. “ಅಯ್ಯೋ ತಾಯಿ, ಅದು ಹೇಳುವ ರೀತಿ. ಹೊರಟವರಿಗೆ ಬರೀ ಹೋಗಿ ಅನ್ನುವುದುಂಟೇ? ಮನೆಗೆ ಬಂದ ನೆಂಟರಿಗೂ ಹೋಗಿ ಬನ್ನಿ ಅಂತಲೇ ಹೇಳುತ್ತೇವೆ.”

“ಆ ನೆಂಟರು ತಿರುಗಿ ಬಂದರೆ ಬಾಗಿಲು ಹಾಕ್ಕೊಳ್ತೀರಾ?”

ಅಧಿಕಾರಿಯ ನಗೆ ನಿಂತಿತು. ಸುತ್ತ ಜನ ಸೇರಿದ್ದರು. ಅವನು ದನಿ ತಗ್ಗಿಸಿ, ಈಗಲೂ ಮರ್ಯಾದೆ ಬಿಡದೆ ಹೇಳಿದ: “ಚೌಕ ಎಲ್ಲರದು ತಾಯಿ. ನೀವೂ ದಿನಾ ಬನ್ನಿ. ದೀಪ ನೋಡಿಕೊಂಡು ಹೋಗಿ.”

ಅವಳು ಹಿಂದಕ್ಕೆ ತಿರುಗಿದಳು. ಬಳೆಗಾರ ಈಗ ಚುಚ್ಚಿ ಆಡುತ್ತಾನೆ ಎಂದುಕೊಂಡಳು. ಆಡಿದ್ದರೆ ಅವಳಿಗೆ ಎಷ್ಟೋ ಹಗುರವಾಗುತ್ತಿತ್ತು. ಅವನು ಮಲಾರವನ್ನು ಒಂದು ಹೆಗಲಿನಿಂದ ಇನ್ನೊಂದು ಹೆಗಲಿಗೆ ಬದಲಾಯಿಸಿಕೊಂಡು ಬಂದ ದಾರಿಯಲ್ಲೇ ನಡೆದ.

ಅವಳು ಬಾಣಲೆ ಎತ್ತಿ, ಅದರಲ್ಲಿದ್ದ ಕರಿ ಮರಳನ್ನೆಲ್ಲ ಆ ಬಿಳಿಯ ಕಲ್ಲಿನ ಮೇಲೆ ಸುರಿದಳು. ಕಾವಲಿನವನು ಅವಳ ರಟ್ಟೆ ಹಿಡಿದು ಎಳೆದುಕೊಂಡು ಹೋದ. ಆ ಬೆಳಕಿನಲ್ಲಿ ಅದು ಎಲ್ಲರಿಗೂ ಚೆನ್ನಾಗಿ ಕಾಣಿಸಿತು. ಎಂಥ ಕೃತಘ್ನಳು ಎಂದು ಒಬ್ಬ ಹೇಳಿದ. ಉಳಿದವರು ಹೌದು ಹೌದು ಎಂದರು.

ಗುರುಗಳು ಕತೆ ನಿಲ್ಲಿಸಿದರು.

ಶಿಷ್ಯನಿಗೆ ಇನ್ನೂ ಅಣ್ಣನ ಮುಖವೇ ಕಣ್ಣ ಮುಂದಿತ್ತು.

“ಆದರೂ ಗುರುಗಳೇ, ಆ ಅಧಿಕಾರಿ ಬೇಕೆಂದು ಮೋಸ ಮಾಡಲಿಲ್ಲ. ಯಾರನ್ನೂ ಬೈಯಲಿಲ್ಲ, ಹೊಡೆಸಲಿಲ್ಲ. ಮರ್ಯಾದೆಗೆ ಒಂದು ಮಾತು ಆಡಿದ, ಅಷ್ಟೇ.”

ಗುರುಗಳು ಅವನನ್ನೇ ನೋಡಿದರು.

“ದೊಣ್ಣೆ ಹಿಡಿದು ಬಂದಿದ್ದರೆ ಅವಳು ಏಳುತ್ತಿರಲಿಲ್ಲ.”