ಓಣಿಯ ಮೊದಲ ನಳ

"ಅಜ್ಜಾರ, ಬ್ಯಾಡ ಅಂತ ನಾನಽ ನಿಲ್ಲಿಸಿದ್ದನ್ನ ನನ್ನ ಮನಸ್ಸು ಯಾಕ ಕಾಯತೈತ್ರಿ?"

ಕಾಲೇಜಿನಲ್ಲಿ ಪಾಠ ಹೇಳುವ ನಿಜಗುಣ ಒಂದು ಭಾನುವಾರ ಮಠದ ಜಗಲಿಯ ಮೇಲೆ ಕುಳಿತು ಗುರುಗಳನ್ನು ಹೀಗೆ ಕೇಳಿದ. ಅವನು ನಿಲ್ಲಿಸಿದ್ದು ಏನು ಎಂದು ಗುರುಗಳು ವಿಚಾರಿಸಿದರು.

ನಿಜಗುಣ ಬುಡದಿಂದ ಹೇಳತೊಡಗಿದ. ಈ ಕಾಲದ ಬದುಕಿನಲ್ಲಿ ಅವನಿಗೆ ಕಿರಿಕಿರಿಗಳು ಬಹಳ. ಬೆಳಗಾದರೆ ಹೂವಿನ ಚಿತ್ರದ ಮೇಲೆ ಶುಭೋದಯ ಎಂದು ಬರೆದು ಕಳಿಸುವವರು. ಸಿಗ್ನಲ್ಲಿನಲ್ಲಿ ಹಸಿರು ದೀಪ ಬೀಳುವ ಮೊದಲೇ ಹಿಂದಿನಿಂದ ಹಾರ್ನ್ ಹೊಡೆಯುವವರು. ಬಸ್ಸಿನಲ್ಲಿ ಇಡೀ ಬಸ್ಸಿಗೆ ಕೇಳುವಂತೆ ಫೋನಿನಲ್ಲಿ ಸಿನಿಮಾ ನೋಡುವವರು. ಇದ್ದ ಸುಖ ಒಂದೇ. ಸಂಜೆ ಮನೆಗೆ ಬಂದು, ಚಪ್ಪಲಿ ಬಿಟ್ಟು, ಒಂದು ಕಪ್ ಚಹಾ ಮಾಡಿಕೊಂಡು, ಕಿವಿಗೆ ಇಯರ್‌ಫೋನ್ ಸಿಕ್ಕಿಸಿ ಹಳೆಯ ಹಾಡು ಕೇಳುವುದು. ಸರಿಯಾಗಿ ಅದೇ ಹೊತ್ತಿಗೆ ಬೇರೆ ಊರಿನಲ್ಲಿರುವ ಅವನ ಅಕ್ಕ ನೀಲಕ್ಕನ ಫೋನು ಬರುತ್ತಿತ್ತು. ಎಷ್ಟೋ ವರ್ಷದಿಂದ ಮಾಡುವವಳು ಅವಳೇ, ಅವನಾಗಿ ಎಂದೂ ಮಾಡಿದವನಲ್ಲ. ಹೇಳಲು ಅವಳಿಗೆ ಏನೂ ಇರುತ್ತಿರಲಿಲ್ಲ. ಚಹಾ ಆಯಿತೇ, ರಾತ್ರಿಗೆ ಏನು ಅಡಿಗೆ, ನಿಮ್ಮಲ್ಲಿ ಮಳೆ ಬಂತೇ. ಅಷ್ಟರಲ್ಲಿ ಹಾಡು ಅರ್ಧಕ್ಕೆ ನಿಂತು ಚಹಾ ಆರಿಹೋಗುತ್ತಿತ್ತು. ಹೋದ ತಿಂಗಳು ಅವನು, ಏನಾದರೂ ಕೆಲಸವಿದ್ದರೆ ಮಾತ್ರ ಫೋನ್ ಮಾಡು ಎಂದು ಅಕ್ಕನಿಗೆ ಹೇಳಿಬಿಟ್ಟ. ನೀಲಕ್ಕ ಜಗಳವಾಡಲಿಲ್ಲ. ಆಗಲಿ ತಮ್ಮಾ ಅಂದಳು. ಅಂದಿನಿಂದ ಫೋನು ಬಂದಿಲ್ಲ.

ಈಗ ಚಹಾ ಬಿಸಿಯಾಗಿಯೇ ಹೊಟ್ಟೆಗೆ ಇಳಿಯುತ್ತದೆ, ಹಾಡು ಕೊನೆಯ ಸಾಲಿನವರೆಗೂ ಕೇಳುತ್ತದೆ. ಆದರೆ ಆ ಹೊತ್ತಾಯಿತೆಂದರೆ ನಿಜಗುಣನ ಕೈ ತಾನಾಗಿ ಫೋನಿನ ಕಡೆ ಹೋಗುತ್ತದೆ. ಇಯರ್‌ಫೋನನ್ನು ಒಂದೇ ಕಿವಿಗೆ ಹಾಕಿಕೊಂಡು ಕೂರುತ್ತಾನೆ. ಹಾಡು ಯಾವುದು ಎಂದು ಕೇಳಿದರೆ ಅವನಿಗೇ ನೆನಪಿರುವುದಿಲ್ಲ.

ಗುರುಗಳು ನಕ್ಕರು. ಬಸ್ಸಿನಲ್ಲಿ ಸಿನಿಮಾ ಹಾಕುವವರನ್ನು ಕಂಡರೆ ತಮಗೂ ಆಗುವುದಿಲ್ಲ ಎಂದರು. ಆದರೆ ಅಂಥವನು ಅರ್ಧ ಸಿನಿಮಾದಲ್ಲಿ ಇಳಿದುಹೋದರೆ ಅದರೊಳಗಿನ ಹುಡುಗಿಯ ಗತಿ ಏನಾಯಿತೋ ಎಂದು ಊರು ಮುಟ್ಟುವ ತನಕ ಕಳವಳವಾಗುತ್ತದಂತೆ. ಸನ್ಯಾಸಿಗೆ ಇದು ಶೋಭೆಯಲ್ಲ, ಏನು ಮಾಡುವುದು ಎಂದರು. ಆಮೇಲೆ ಈ ಕತೆ ಹೇಳಿದರು.

ಒಂದು ಊರು. ಆ ಊರಿನಲ್ಲಿ ನೀರು ದಿನಾ ಬರುತ್ತಿರಲಿಲ್ಲ. ವಾರಕ್ಕೊಮ್ಮೆ ಬಂದರೆ ಪುಣ್ಯ. ಬರುವ ಹೊತ್ತು ನೀರು ಬಿಡುವವನಿಗಾದರೂ ಗೊತ್ತಿತ್ತೋ ಇಲ್ಲವೋ. ಬೆಳಗಿನ ಪೂಜೆಗೆ ಕೂತಾಗ ಬರಬಹುದು, ಮಧ್ಯಾಹ್ನ ಉಂಡು ಅಡ್ಡಾದಾಗ ಬರಬಹುದು. ಎದ್ದು ಹಿಡಿದವನಿಗೆ ನೀರು, ಮಲಗಿದವನಿಗೆ ಖಾಲಿ ಕೊಡ. ಅದಕ್ಕೇ ಆ ಕಡೆಯ ಜನ ನೀರು ಬಂತು ಎನ್ನುವುದಿಲ್ಲ. ನೆಂಟರು ಬಂದರು ಎನ್ನುವ ಹಾಗೆ, ನಳ ಬಂದವು ಎನ್ನುತ್ತಾರೆ.

ಆ ಊರಿನ ಒಂದು ಓಣಿಯ ಮೊದಲ ಮನೆಯಲ್ಲಿ ಒಬ್ಬ ಮುದುಕಿ ಇದ್ದಳು. ದೊಡ್ಡ ಪೈಪು ಆ ಕಡೆಯಿಂದ ಓಣಿಯೊಳಗೆ ಬರುತ್ತಿತ್ತು. ಹಾಗಾಗಿ ನೀರು ಮೊದಲು ಅವಳ ನಳಕ್ಕೆ, ಆಮೇಲೆ ಉಳಿದವರಿಗೆ. ಮುದುಕಿ ನಳವನ್ನು ಬಿಚ್ಚಿಯೇ ಇಟ್ಟು, ಅದರ ಕೆಳಗೆ ಒಂದು ತಗಡಿನ ಡಬ್ಬಿಯನ್ನು ಬೋರಲು ಹಾಕುತ್ತಿದ್ದಳು. ಡಬ್ಬಿಯ ಮೇಲೆ ಮೊದಲ ಹನಿ ಬಿದ್ದ ಸದ್ದಿಗೆ ಅವಳಿಗೆ ಎಂಥ ನಿದ್ದೆಯಿಂದಲೂ ಎಚ್ಚರ. ತನ್ನ ಕೊಡವನ್ನು ನಳಕ್ಕೆ ಹಚ್ಚಿ, ಸೆರಗು ಸಿಕ್ಕಿಸಿ, ಓಣಿಯ ಉದ್ದಕ್ಕೂ ಗೇಟು ಬಡಿಯುತ್ತ ಹೋಗುತ್ತಿದ್ದಳು. ಒಬ್ಬೊಬ್ಬರನ್ನೂ ಹೆಸರು ಹಿಡಿದು ಕರೆಯುತ್ತಿದ್ದಳು. ಇದನ್ನು ಮಾಡು ಎಂದು ಅವಳಿಗೆ ಯಾರೂ ಹೇಳಿರಲಿಲ್ಲ.

ಓಣಿಯ ಕಡೆಯ ಮನೆ ಒಬ್ಬ ಪಾತ್ರೆ ವ್ಯಾಪಾರಿಯದು. ಅವನು ಒಬ್ಬನೇ ಇದ್ದ. ಹಾಗಿರುವುದು ಅವನಿಗೆ ಇಷ್ಟವೂ ಆಗಿತ್ತು. ಅಂಗಡಿಯಲ್ಲಿ ದಿನವೆಲ್ಲ ಸದ್ದು. ಕೊಡ ಕೊಳ್ಳುವ ಹೆಂಗಸರು ಒಂದೊಂದನ್ನೂ ಬೆರಳಿನಿಂದ ಬಾರಿಸಿ ನೋಡದೆ ಬಿಡುವವರಲ್ಲ. ಮನೆಗೆ ಬಂದರೆ ಅವನಿಗೆ ಸದ್ದಿಲ್ಲದ ಒಂದು ಮೂಲೆ ಬೇಕು, ಒಂದು ಆರಾಮ ಕುರ್ಚಿ ಬೇಕು, ಟಿವಿಯಲ್ಲಿ ಕ್ರಿಕೆಟ್ ಮ್ಯಾಚಿದ್ದರೆ ಮತ್ತೇನೂ ಬೇಡ. ಕೊನೆಯ ಓವರು ನಡೆದಿರುವಾಗಲೇ ಗೇಟು ಸದ್ದಾಗುತ್ತಿತ್ತು.

"ಸಾವ್ಕಾರ್ರ, ನಳ ಬಂದಾವ್ರಿ. ಏಳ್ರಿ."

ಅಷ್ಟಕ್ಕೇ ಮುಗಿದಿದ್ದರೆ ಅವನು ಸಹಿಸುತ್ತಿದ್ದನೋ ಏನೋ. ಓಣಿಯ ಕಡೆಯ ಮನೆ ಅದಾದ್ದರಿಂದ ಮುದುಕಿಗೆ ಅಷ್ಟು ಹೊತ್ತಿಗೆ ಏದುಸಿರು ಬಂದಿರುತ್ತಿತ್ತು. ಅವನ ಗೇಟು ಹಿಡಿದು ಸ್ವಲ್ಪ ಸುಧಾರಿಸಿಕೊಳ್ಳುತ್ತಿದ್ದಳು. ಹಾಗೆ ನಿಂತವಳು ಸುಮ್ಮನೆ ಹೇಗೆ ನಿಂತಾಳು? ಊಟ ಆಯಿತೇ ಎಂದು ಕೇಳುತ್ತಿದ್ದಳು. ಅಂಗಿಯ ಗುಂಡಿ ಕಿತ್ತಿದೆ ಎನ್ನುತ್ತಿದ್ದಳು. ಊರಿಗೆಲ್ಲ ಕೊಡ ಮಾರುವವರ ಮನೆಯಲ್ಲೇ ಸೋರುವ ಕೊಡ ಇದೆಯಲ್ಲ ಎಂದು ನಗುತ್ತಿದ್ದಳು. ಅವನು ಅಂಗಡಿಯಲ್ಲಿರುವಾಗ ನಳ ಬಂದರೆ ಅವನ ಗೇಟಿನ ಒಳಗಿಟ್ಟ ಕೊಡಗಳನ್ನು ತಾನೇ ತುಂಬಿಸಿ ಹೋಗುತ್ತಿದ್ದಳು. ಅದಕ್ಕೂ ಅವನಿಗೆ ಕಿರಿಕಿರಿ. ಉಪಕಾರ ಮಾಡುವವರನ್ನು ಬೈಯುವಂತಿಲ್ಲವಲ್ಲ.

ಒಂದು ಬೇಸಿಗೆಯಲ್ಲಿ ವ್ಯಾಪಾರಿ ಅಂಗಳ ಅಗೆಸಿ ಸಂಪು ಕಟ್ಟಿಸಿದ. ನಳ ಬಂದರೆ ನೀರು ತಾನೇ ಹೋಗಿ ನೆಲದೊಳಗಿನ ಆ ತೊಟ್ಟಿಗೆ ಬೀಳಬೇಕು, ತೊಟ್ಟಿಯಿಂದ ಮೋಟಾರು ತಾನೇ ಅದನ್ನು ಮಾಳಿಗೆಗೆ ಏರಿಸಬೇಕು, ಹಾಗೆ ಏರ್ಪಾಡು ಮಾಡಿಸಿದ. ಓಣಿಯಲ್ಲಿ ಅದೇ ಮೊದಲ ಸಂಪು. ಕೆಲಸ ಮುಗಿದ ದಿನವೇ ಅವನು ಮುದುಕಿಯನ್ನು ದಾರಿಯಲ್ಲಿ ನಿಲ್ಲಿಸಿ, ಇನ್ನು ಮೇಲೆ ತನ್ನನ್ನು ಕರೆಯುವುದು ಬೇಡ, ನಳ ಬಂದರೂ ಹೋದರೂ ತನಗೆ ಗೊತ್ತಾಗಬೇಕಾದ್ದಿಲ್ಲ ಎಂದು ಹೇಳಿದ. ಮುದುಕಿಗೆ ಬಹಳ ಖುಷಿಯಾಯಿತು. ಸಾವ್ಕಾರರ ಒಂದು ತಾಪತ್ರಯ ತಪ್ಪಿತು ಎಂದು ಓಣಿಯವರಿಗೆಲ್ಲ ತಾನೇ ಹೇಳಿಕೊಂಡು ಬಂದಳು.

ವ್ಯಾಪಾರಿ ಸುಖಪಟ್ಟ. ಅದನ್ನು ಸುಳ್ಳು ಅನ್ನಬಾರದು. ಮ್ಯಾಚು ನೋಡಿದ, ಕುರ್ಚಿಯಲ್ಲೇ ನಿದ್ದೆ ಮಾಡಿದ, ಬೇಕಾದಾಗ ಸ್ನಾನ ಮಾಡಿದ.

ಒಂದು ಮಧ್ಯಾಹ್ನ ಅವನು ಕುರ್ಚಿಯಲ್ಲಿ ಕೂತಿದ್ದಾಗ ಓಣಿಯ ಆ ತುದಿಯಿಂದ ಕೂಗು ಕೇಳಿಸಿತು. ಗೇಟುಗಳು ಒಂದೊಂದಾಗಿ ಸದ್ದಾಗುತ್ತ, ಹೆಸರುಗಳು ಒಂದೊಂದಾಗಿ ಹತ್ತಿರವಾಗುತ್ತ ಬಂದವು. ಪಕ್ಕದ ಮನೆಯವರ ಹೆಸರೂ ಬಂತು. ವ್ಯಾಪಾರಿಗೆ ಗೊತ್ತಿಲ್ಲದೆಯೇ ಅವನ ಬೆನ್ನು ಕುರ್ಚಿ ಬಿಟ್ಟು ಎದ್ದಿತ್ತು. ಹೆಜ್ಜೆಗಳು ಅಲ್ಲಿಂದಲೇ ತಿರುಗಿ ಹೋದವು. ಪಂಕ್ತಿಯ ಕೊನೆಯಲ್ಲಿ ಕೂತವನ ಎಲೆಯ ತನಕ ಬಂದು ಬಡಿಸುವವರು ಹಿಂದೆ ಸರಿದಂತೆ ಆಯಿತು ಅವನಿಗೆ.

ಅಂದಿನಿಂದ ಅವನ ಸುಖ ಕೆಟ್ಟಿತು. ಮ್ಯಾಚು ನಡೆದಿರುತ್ತಿತ್ತು, ಕಿವಿ ಓಣಿಯಲ್ಲಿರುತ್ತಿತ್ತು. ಅಂಗಿಯ ಗುಂಡಿ ಕಿತ್ತಿದೆ ಎಂದು ಹೇಳುವವರಿಲ್ಲದೆ ಕಿತ್ತ ಗುಂಡಿಯಲ್ಲೇ ಅಂಗಡಿಗೆ ಹೋಗಿ ಬರುತ್ತಿದ್ದ. ನಳ ಬಂದಾಗ ಒಂದೆರಡು ಸಲ ಏನೋ ಕೆಲಸವಿದ್ದವನಂತೆ ಗೇಟಿನಲ್ಲಿ ಹೋಗಿ ನಿಂತ. ಮುದುಕಿ ದೂರದಿಂದಲೇ ಕೈಯೆತ್ತಿ, ನಿಮಗೇನು ಬಿಡಿ, ನೀವು ಆರಾಮ ಎಂದು ನಕ್ಕು, ತನ್ನ ಕೊಡ ತುಂಬಿ ಚೆಲ್ಲುತ್ತದೆಂದು ಅವಸರದಲ್ಲಿ ಹೊರಟುಹೋದಳು. ನನ್ನನ್ನೂ ಕರಿ ಎಂದು ಬಾಯಿ ಬಿಟ್ಟು ಕೇಳಲು ಅವನಿಗೆ ಆಗಲಿಲ್ಲ. ಯಾವ ಮುಖ ಇಟ್ಟುಕೊಂಡು ಕೇಳಬೇಕು? ನೀರು ಬೇಡ, ಕರೆದರೆ ಸಾಕು ಎಂದರೆ ಯಾರಾದರೂ ಏನಂದುಕೊಂಡಾರು?

ಆಗ ಅವನು ಒಂದು ಉಪಾಯ ಮಾಡಿದ. ಸಂಪಿಗೆ ನೀರು ಬರುವ ವಾಲ್ವನ್ನು ತಾನೇ ತಿರುಗಿಸಿ ಬಂದ್ ಮಾಡಿದ. ತೊಟ್ಟಿ ಬತ್ತಿತು. ಮುದುಕಿಯನ್ನು ಕಂಡು, ತನ್ನ ಸಂಪಿಗೆ ಏನೋ ರೋಗ ಬಂದಿದೆ, ನೀರೇ ಬೀಳುತ್ತಿಲ್ಲ ಎಂದ. ಇನ್ನು ಅವಳು ಕರೆಯದೆ ಗತಿಯಿಲ್ಲ ಎಂದುಕೊಂಡು ಆ ಸಂಜೆ ಹಳೆಯ ಕೊಡಗಳನ್ನು ತೊಳೆದು ಗೇಟಿನ ಒಳಗೆ ಸಾಲಾಗಿ ಇಟ್ಟ. ಗೇಟು ಸದ್ದಾಯಿತು. ಓಡಿಹೋಗಿ ತೆರೆದರೆ ಮುದುಕಿ ಪೈಪಿನ ಕೆಲಸದವನನ್ನು ಕರೆತಂದಿದ್ದಳು. ಅವನು ಬಗ್ಗಿ ನೋಡಿ ವಾಲ್ವು ತಿರುಗಿಸಿದ. ಇಷ್ಟೇ ಎಂದ. ಇಷ್ಟು ದೊಡ್ಡ ವ್ಯಾಪಾರ ಮಾಡುವವರಿಗೆ ಒಂದು ವಾಲ್ವು ತಿಳಿಯಲಿಲ್ಲವಲ್ಲ ಎಂದು ಮುದುಕಿ ಹೊಟ್ಟೆ ಹಿಡಿದು ನಕ್ಕಳು. ವ್ಯಾಪಾರಿಯೂ ನಕ್ಕ. ಅವರು ಹೋದ ಮೇಲೆ ಕೊಡಗಳನ್ನು ಒಳಗೆ ತೆಗೆದಿಟ್ಟ.

ಕಾಲ ಕಳೆಯಿತು. ಒಬ್ಬರ ಸಂಪು ನೋಡಿ ಇನ್ನೊಬ್ಬರು ಕಟ್ಟಿಸಿದರು. ಕಟ್ಟಿಸಿದವರೆಲ್ಲ, ಕರೆಯುವುದು ಬೇಡ ಎಂದು ಮುದುಕಿಗೆ ಹೇಳಿದರು. ಎಲ್ಲರಿಗೂ ಅವಳು, ಚೆನ್ನಾಯಿತು ಎಂದಳು. ಅವಳ ಓಡಾಟ ಮನೆ ಮನೆಗೆ ಗಿಡ್ಡವಾಗುತ್ತ ಬಂದು ಕೊನೆಗೆ ನಿಂತಿತು. ಓಣಿಯಲ್ಲಿ ಸಂಪಿಲ್ಲದ ಮನೆ ಅವಳದೊಂದೇ.

ಆಮೇಲೆ ಓಣಿಯ ರಸ್ತೆ ಅಗೆದರು. ಹಳೆಯ ಪೈಪು ತೆಗೆದು ಹೊಸದು ಹಾಕಿದರು. ಹೊಸ ಪೈಪು ಬಂದದ್ದು ಮುದುಕಿಯ ಕಡೆಯಿಂದಲ್ಲ, ವ್ಯಾಪಾರಿಯ ಕಡೆಯಿಂದ. ಈಗ ಅವನ ಮನೆ ಮೊದಲು, ಅವಳದು ಕೊನೆ. ಸಂಪಿದ್ದವರಿಗೆ ಇದರಿಂದ ಆಗುವುದು ಹೋಗುವುದು ಏನೂ ಇರಲಿಲ್ಲ. ಹಾಗಾಗಿ ಯಾರೂ ಅದರ ಮಾತೇ ಎತ್ತಲಿಲ್ಲ. ಮುದುಕಿಗೂ ಯಾರೂ ಹೇಳಲಿಲ್ಲ.

ಒಂದು ದಿನ ವ್ಯಾಪಾರಿ ಊಟ ಮುಗಿಸಿ ಕೂತಿದ್ದ. ಅಂಗಳದ ಸಂಪಿನಲ್ಲಿ ನೀರು ಬೀಳುವ ಸದ್ದು ಕೇಳಿಸಿತು. ಪಕ್ಕದ ಮನೆಯಲ್ಲಿ ಮೋಟಾರು ಗುಂಯ್ ಎಂದಿತು. ಅದರಾಚೆಯ ಮನೆಯಲ್ಲೂ ಅಂದಿತು. ನಳಕ್ಕೇ ಮೋಟಾರು ಹಚ್ಚಿ ನೀರು ಎಳೆದುಕೊಳ್ಳುವ ರೂಢಿ ಆಗಲೇ ಓಣಿಗೆ ಬಂದಿತ್ತು. ಇಡೀ ಓಣಿ ನೀರು ಕುಡಿಯುತ್ತಿತ್ತು, ಒಬ್ಬ ಮನುಷ್ಯನ ದನಿಯೂ ಇರಲಿಲ್ಲ. ಇಷ್ಟೆಲ್ಲ ಮೋಟಾರು ಎಳೆದರೆ ಕೊನೆಯ ಮನೆಗೆ ಏನು ಉಳಿದೀತು ಎಂದು ಅವನಿಗೆ ಅನ್ನಿಸಿದ್ದು ಆಗ. ಕೊನೆಯ ಮನೆ ಯಾರದು ಎಂಬುದೂ ಆಗಲೇ ಹೊಳೆಯಿತು. ಅವನು ಚಪ್ಪಲಿ ಕೂಡ ಮೆಟ್ಟದೆ ಎದ್ದು ಹೊರಟ.

ಮುದುಕಿ ತನ್ನ ಬಾಗಿಲಲ್ಲಿ ಕೂತಿದ್ದಳು. ಪಕ್ಕದಲ್ಲಿ ಖಾಲಿ ಕೊಡಗಳು. ನಳ ಬಿಚ್ಚಿತ್ತು, ಕೆಳಗೆ ತಗಡಿನ ಡಬ್ಬಿ ಬೋರಲಾಗಿತ್ತು. ಅವಳು ಅದರ ಕಡೆಗೆ ಕಿವಿ ಕೊಟ್ಟು ಕೂತಿದ್ದಳು. ವ್ಯಾಪಾರಿ ಹತ್ತಿರ ಹೋದ. ಇಷ್ಟು ವರ್ಷ ಒಂದೇ ಓಣಿಯಲ್ಲಿದ್ದೂ ಅವಳ ಗೇಟಿನ ಮುಂದೆ ಅವನು ಎಂದೂ ನಿಂತವನಲ್ಲ. ಬಡಿಯಲೋ ಬೇಡವೋ ಎಂದು ಅನುಮಾನಿಸಿದ. ಆಮೇಲೆ ಬಡಿದ.

"ಅವ್ವಾ, ನಳ ಬಂದಾವ."

ಮುದುಕಿ ತಲೆಯೆತ್ತಿ ಅವನನ್ನು ನೋಡಿದಳು. ನಳವನ್ನು ನೋಡಿದಳು. ಅದರಲ್ಲಿ ಒಂದು ಹನಿಯೂ ಇರಲಿಲ್ಲ. ಆದರೂ ಅವಳ ಮುಖ ಅರಳಿತು. ಕೋಲೂರಿಕೊಂಡು ಗೇಟಿನ ತನಕ ಬಂದಳು.

"ಇಷ್ಟು ವರ್ಷ ಎಲ್ಲಾರನೂ ನಾನಽ ಕರದೆ. ನನ್ನ ಒಬ್ಬರೂ ಕರದಿದ್ದಿಲ್ರಿ. ಇನ್ನೊಮ್ಮೆ ಕರೀರಿ ಸಾವ್ಕಾರ್ರ."

ವ್ಯಾಪಾರಿ ಇನ್ನೊಮ್ಮೆ ಕರೆದ. ಆಮೇಲೆ ತಿರುಗಿ ಓಣಿಯ ಉದ್ದಕ್ಕೂ ಗೇಟು ಬಡಿಯುತ್ತ, ಒಬ್ಬೊಬ್ಬರನ್ನೂ ಹೆಸರು ಹಿಡಿದು ಕರೆದು, ಮೋಟಾರು ನಿಲ್ಲಿಸಿ ಎಂದು ಹೇಳುತ್ತ ಹೋದ. ಒಬ್ಬನ ನಿದ್ದೆ ಕೆಟ್ಟಿತು, ಇನ್ನೊಬ್ಬನ ಮ್ಯಾಚು ಕೆಟ್ಟಿತು, ಇದೇನು ಕಿರಿಕಿರಿ ಎಂದು ಕೆಲವರು ಗೊಣಗಿದರು. ಮನೆ ಮುಟ್ಟಿದ ಮೇಲೆ ಅವನು ತನ್ನ ವಾಲ್ವನ್ನೂ ತಿರುಗಿಸಿ ಬಂದ್ ಮಾಡಿದ. ಈ ಸಲ ಅದು ಉಪಾಯವಾಗಿರಲಿಲ್ಲ. ಸ್ವಲ್ಪ ಹೊತ್ತಿಗೆ ಓಣಿಯ ಆ ತುದಿಯಲ್ಲಿ ತಗಡಿನ ಡಬ್ಬಿ ಸದ್ದು ಮಾಡಿತು.

ಗುರುಗಳು ಕತೆ ಮುಗಿಸಿದರು. ನಿಜಗುಣ ಕಣ್ಣು ಒರೆಸಿಕೊಂಡ. ತನ್ನ ಪ್ರಶ್ನೆಗೆ ಉತ್ತರ ಸಿಕ್ಕಿತೆಂದು ಅವನ ಮುಖ ಹಗುರವಾಗಿತ್ತು. ಜೇಬಿನಿಂದ ಫೋನು ತೆಗೆದು ಕೈಯಲ್ಲಿ ಹಿಡಿದ.

"ತಿಳೀತ್ರಿ ಅಜ್ಜಾರ. ಅಕ್ಕಗ ಮೊದಲಿನಂಗ ದಿನಾ ಫೋನ್ ಮಾಡು ಅಂತ ಇವತ್ತಽ ಮೆಸೇಜ್ ಹಾಕ್ತೀನ್ರಿ."

ಗುರುಗಳು ಅವನ ಕೈಯಲ್ಲಿದ್ದ ಫೋನನ್ನು ನೋಡಿದರು.

"ನೀ ಒಂದು ತಿಂಗಳಿಂದ ಕಾಯಾಕತ್ತೀದಿ ತಮ್ಮಾ, ಆಕಿ ಎಷ್ಟು ವರ್ಷದಿಂದ ಕಾಯಾಕತ್ತಾಳ?"